ಹೆದರಿದ ಹಸು ಹಾಲಿಳಿಸುವುದಿಲ್ಲ: ಮಿನ್ನೆಸೋಟದ ಒಂದು ಪ್ರಯೋಗ ಮತ್ತು ನಮ್ಮ ಕೊಟ್ಟಿಗೆ

(ಹಾಲು ಉತ್ಪಾದಕರು, ಪಶುವೈದ್ಯಕೀಯ ವಿದ್ಯಾರ್ಥಿಗಳು ಮತ್ತು ಹಸು ಸಾಕುವ ಮಹಿಳೆಯರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಓಟದಲ್ಲಿ ಹಿಂದುಮುಂದಾಗಿದ್ದನ್ನು ಸರಿಪಡಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಒಂದನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಬಹಳ ಜನ ಬೆಳಗ್ಗೆ ಹಾಲು ಕರೆದು, ಡೈರಿಗೆ ಹಾಕಿ, ನೇರ ಇಲ್ಲಿಗೆ ಬಂದಿದ್ದೀರಿ. ಹಾಗಾಗಿ ನಿಮ್ಮ ಕೈಗೆ ಗೊತ್ತಿರುವ ಕೆಲಸದಿಂದಲೇ ಒಂದು ಪ್ರಶ್ನೆ ಕೇಳುತ್ತೇನೆ. ನೀವು ಪಾತ್ರೆ ಹಿಡಿದು ಹಸುವಿನ ಪಕ್ಕದಲ್ಲಿ ಕುಳಿತಿದ್ದೀರಿ, ಇನ್ನೂ ಮೊಲೆಗೆ ಕೈ ಹಾಕಿಲ್ಲ. ಆ ಹೊತ್ತಿಗೆ ಸಿಗಬೇಕಾದ ಆರೋ ಎಂಟೋ ಲೀಟರ್ ಹಾಲು ಆಗ ಎಲ್ಲಿರುತ್ತದೆ? ಕೆಚ್ಚಲಿನಲ್ಲಿ ಆಗಲೇ ಸಿದ್ಧವಾಗಿ ಕುಳಿತಿರುತ್ತದೆಯೇ, ಇಲ್ಲವೇ ನೀವು ಕರೆಯುತ್ತ ಹೋದಂತೆ ಒಳಗೆ ತಯಾರಾಗುತ್ತ ಬರುತ್ತದೆಯೇ?

ಸಭೆಯಲ್ಲಿ ಎರಡು ಬಗೆಯ ಉತ್ತರವೂ ಬಂತು. ಕಳೆದ ಶತಮಾನದ ಮೊದಲ ದಶಕಗಳಲ್ಲಿ ವಿಜ್ಞಾನಿಗಳಲ್ಲೂ ಹೀಗೇ ಎರಡು ಪಂಗಡ ಇದ್ದವು. ಕರೆಯಲು ಶುರುಮಾಡಿ ಒಂದು ನಿಮಿಷ ಕಳೆಯುವುದರೊಳಗೆ ಸಡಿಲವಾಗಿದ್ದ ಕೆಚ್ಚಲು ಬಿಗಿದುಕೊಳ್ಳುವುದನ್ನು ಎಲ್ಲರೂ ನೋಡಿದ್ದಾರೆ. ಅದನ್ನು ಕಂಡವರಲ್ಲಿ ಹಲವರು, ಹಾಲಿನ ಹೆಚ್ಚಿನ ಪಾಲು ಆ ಹೊತ್ತಿನಲ್ಲೇ ಸ್ರವಿಸುತ್ತದೆ ಎಂದು ನಂಬಿದ್ದರು. ಅಷ್ಟು ಹಾಲು ಕೂಡಿಟ್ಟುಕೊಳ್ಳಲು ಕೆಚ್ಚಲಿನಲ್ಲಿ ಜಾಗವೆಲ್ಲಿದೆ ಎಂದು ಅವರು ಕೇಳುತ್ತಿದ್ದರು. 1930ರ ದಶಕದ ಹೊತ್ತಿಗೆ ಅಮೆರಿಕದ ಕೃಷಿ ಇಲಾಖೆಯ ಬೆಲ್ಟ್ಸ್‌ವಿಲ್ ಕೇಂದ್ರದ ಸಂಶೋಧಕರು ಇದಕ್ಕೆ ಬಹಳ ನೇರವಾದ ಪರೀಕ್ಷೆ ಮಾಡಿದರು. ಕರೆಯುವ ಹೊತ್ತಿಗೆ ಸರಿಯಾಗಿ ಹಸುವನ್ನು ವಧಿಸಿ, ಕೆಚ್ಚಲನ್ನು ಬೇರ್ಪಡಿಸಿ, ಅದರಿಂದ ಹಾಲು ತೆಗೆದು ಅಳೆದರು. ಪ್ರತಿಹೊತ್ತು ಆ ಹಸು ಕೊಡುತ್ತಿದ್ದ ಹಾಲಿನ ದೊಡ್ಡ ಪಾಲು ಜೀವವಿಲ್ಲದ ಕೆಚ್ಚಲಿನಲ್ಲೇ ಇತ್ತು. ಅಂದರೆ ನೀವು ಪಾತ್ರೆ ಹಿಡಿದು ಕುಳಿತಾಗ ಹಾಲು ಒಳಗೆ ಇದ್ದೇ ಇದೆ.

ಇದ್ದ ಮೇಲೆ ಬರುವುದಕ್ಕೇನು ಅಡ್ಡಿ? ಇಲ್ಲಿಂದ ನನ್ನ ಇವತ್ತಿನ ವಿಷಯ ಶುರುವಾಗುತ್ತದೆ.

ಕೆಚ್ಚಲಿನ ಒಳಗೆ ದ್ರಾಕ್ಷಿ ಗೊಂಚಲಿನ ಹಾಗೆ ಜೋಡಿಸಿದ ಅತಿ ಸಣ್ಣ ಚೀಲಗಳಿವೆ. ಹಾಲು ತಯಾರಾಗುವುದು ಆ ಚೀಲಗಳ ಒಳಗೋಡೆಯಲ್ಲಿ. ತಯಾರಾದ ಹಾಲಿನಲ್ಲಿ ಸ್ವಲ್ಪ ಪಾಲು ಮಾತ್ರ ನಾಳಗಳ ಮೂಲಕ ಮೊಲೆಯ ಮೇಲಿರುವ ತೊಟ್ಟಿಯಂಥ ಜಾಗಕ್ಕೆ ತಾನಾಗಿ ಇಳಿಯುತ್ತದೆ. ಹಾಲಿಗಾಗಿಯೇ ತಳಿ ಆಯ್ದ ಪಾಶ್ಚಾತ್ಯ ಹಸುಗಳಲ್ಲಿ ಇದು ಸುಮಾರು 20 ಶೇಕಡ, ನಮ್ಮ ಎಮ್ಮೆಯಲ್ಲಿ ಸುಮಾರು 5 ಶೇಕಡ. ಮಿಕ್ಕದ್ದೆಲ್ಲ ಆ ಸಣ್ಣ ಚೀಲಗಳಲ್ಲೂ ಕೂದಲೆಳೆಯಂಥ ನಾಳಗಳಲ್ಲೂ ಸಿಕ್ಕಿಕೊಂಡಿರುತ್ತದೆ. ಎಷ್ಟು ಬಲವಾಗಿ ಹಿಂಡಿದರೂ, ಯಂತ್ರ ಎಷ್ಟು ಎಳೆದರೂ ಅದು ಕೆಳಗೆ ಬರುವುದಿಲ್ಲ. ಹಸುವೇ ಅದನ್ನು ಒಳಗಿನಿಂದ ತಳ್ಳಬೇಕು. ನಾವು ಹಾಲು ಇಳಿಸುವುದು, ಸೊರ ಬಿಡುವುದು ಎನ್ನುವುದು ಈ ತಳ್ಳುವ ಕ್ರಿಯೆಗೆ.

ಪಶುಪಾಲಕರಿಗೆ ಇದು ಸಾವಿರಾರು ವರ್ಷಗಳಿಂದ ಗೊತ್ತಿತ್ತು. ಕರುವನ್ನು ಮೊದಲು ಕುಡಿಯಲು ಬಿಟ್ಟು, ಹಾಲಿಳಿದ ಮೇಲೆ ಎಳೆದು ತಾಯಿಯ ಮುಂಗಾಲಿನ ಹತ್ತಿರ ಕಟ್ಟಿ, ಅದು ಕರುವನ್ನು ನೆಕ್ಕುತ್ತಿರುವಾಗ ಕರೆಯುವುದು ನಮ್ಮ ಹಳೆಯ ಪದ್ಧತಿ. ಕರು ಸತ್ತರೆ ಅದರ ಚರ್ಮಕ್ಕೆ ಹುಲ್ಲು ತುಂಬಿ ತಾಯಿಯ ಮುಂದೆ ನಿಲ್ಲಿಸುತ್ತಿದ್ದರು. ಇದಕ್ಕಿಂತ ಕ್ರೂರವಾದ ದಾರಿಯೂ ಅಷ್ಟೇ ಹಳೆಯದು. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಸಿಥಿಯನ್ ಜನರ ಬಗ್ಗೆ ಬರೆಯುತ್ತ, ಅವರು ಕುದುರೆಯ ಯೋನಿಗೆ ಮೂಳೆಯ ಕೊಳವೆಯಿಂದ ಗಾಳಿ ಊದುತ್ತಿದ್ದರು, ಒಬ್ಬ ಊದುವಾಗ ಇನ್ನೊಬ್ಬ ಹಾಲು ಕರೆಯುತ್ತಿದ್ದ ಎಂದು ಹೇಳುತ್ತಾನೆ. ನಮ್ಮ ದೇಶದಲ್ಲಿ ಇದೇ ಕೆಲಸಕ್ಕೆ ಫೂಕಾ ಎಂಬ ಹೆಸರು. ಹಿಂದೆ ದೊಡ್ಡ ನಗರಗಳ ಹಾಲಿನ ಹಟ್ಟಿಗಳಲ್ಲಿ, ಕರುವನ್ನು ಸಾಕುವ ಖರ್ಚು ಬೇಡವೆಂದು ಅದನ್ನು ಕಳೆದುಕೊಂಡು ಕೂತವರು ಫೂಕಾ ನಡೆಸುತ್ತಿದ್ದರು. ಗಾಂಧೀಜಿ 1912ರಲ್ಲಿ ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಹಾಲು ಕುಡಿಯುವುದನ್ನು ಬಿಟ್ಟರು. ಮುಂದೆ 1918ರಲ್ಲಿ ಕಾಯಿಲೆ ಬಿದ್ದು ವೈದ್ಯರು ಹಾಲು ಕುಡಿಯಲೇಬೇಕು ಎಂದಾಗ, ಹಸು ಮತ್ತು ಎಮ್ಮೆಯ ಹಾಲನ್ನು ಮುಟ್ಟದಂತೆ ಅವರನ್ನು ತಡೆದದ್ದು ಈ ಫೂಕಾದ ಬಗ್ಗೆ ಇದ್ದ ಅಸಹ್ಯ. ಆಡಿನ ಹಾಲಾದರೆ ಆಗಬಹುದಲ್ಲ ಎಂದು ದಾರಿ ತೋರಿಸಿದವರು ಕಸ್ತೂರಬಾ.

ಕರು ಚೀಪಿದರೂ ಹಾಲಿಳಿಯುತ್ತದೆ, ಗಾಳಿ ಊದಿದರೂ ಇಳಿಯುತ್ತದೆ. ಒಳಗೆ ಏನು ನಡೆಯುತ್ತದೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಗೊತ್ತುಮಾಡಿಕೊಳ್ಳುವ ಅವಸರ ಅಮೆರಿಕದ ಕೃಷಿ ಕಾಲೇಜುಗಳಿಗೆ ಏಕೆ ಬಂತು ಎಂಬುದನ್ನು ಸ್ವಲ್ಪ ಹೇಳಬೇಕು. ಅಲ್ಲಿ 1862ರ ಕಾಯ್ದೆಯಿಂದ ಪ್ರತಿ ರಾಜ್ಯಕ್ಕೂ ಸರ್ಕಾರಿ ಭೂಮಿಯ ಆದಾಯದಲ್ಲಿ ನಡೆಯುವ ಕಾಲೇಜು ಬಂತು, 1887ರ ಕಾಯ್ದೆಯಿಂದ ಆ ಕಾಲೇಜುಗಳ ಜೊತೆಗೆ ಪ್ರಯೋಗ ಕೇಂದ್ರಗಳು ಬಂದವು. ರೈತನ ಪ್ರಶ್ನೆಗೆ ಉತ್ತರ ಹುಡುಕಲೆಂದೇ ಸಂಬಳ ಪಡೆಯುವ ಪ್ರಾಧ್ಯಾಪಕರು ಹೀಗೆ ಹುಟ್ಟಿಕೊಂಡರು. 1930ರ ದಶಕದಲ್ಲಿ ಹಳ್ಳಿಗಳಿಗೆ ವಿದ್ಯುತ್ ಹರಿಯತೊಡಗಿತು, ಅದರ ಹಿಂದೆಯೇ ಹಾಲು ಕರೆಯುವ ಯಂತ್ರ ಕೊಟ್ಟಿಗೆಗೆ ಬಂತು. ಕೈಯಲ್ಲಿ ಕರೆಯುವವನು ತನಗೆ ಗೊತ್ತಿಲ್ಲದೆಯೇ ಹಸುವನ್ನು ಸವರುತ್ತಾನೆ, ಮಾತನಾಡಿಸುತ್ತಾನೆ, ಮೊಲೆಯನ್ನು ನೀವುತ್ತಾನೆ. ಯಂತ್ರಕ್ಕೆ ಅದು ತಿಳಿಯದು. ಅದನ್ನು ಸಿಕ್ಕಿಸಿ ಹೋದವರಿಗೆ ಒಮ್ಮೆ ಪೂರ್ತಿ ಹಾಲು, ಒಮ್ಮೆ ಅರ್ಧ. ಆದ್ದರಿಂದ ಕೈ ಏನು ಮಾಡುತ್ತಿತ್ತು ಎಂಬುದನ್ನು ತಿಳಿಯುವುದು ಹಣದ ಪ್ರಶ್ನೆಯೇ ಆಯಿತು.

ಮಿನ್ನೆಸೋಟ ವಿಶ್ವವಿದ್ಯಾಲಯದ ಕೃಷಿ ವಿಭಾಗ ಇದ್ದದ್ದು ಸೇಂಟ್ ಪಾಲ್ ನಗರದಲ್ಲಿ. ಚಳಿಗಾಲದಲ್ಲಿ ಹಿಮದಡಿ ಹೂತುಹೋಗುವ ಊರು. ಡೆನ್ಮಾರ್ಕ್, ನಾರ್ವೆ, ಸ್ವೀಡನ್‌ಗಳಿಂದ ವಲಸೆ ಬಂದವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಆ ರಾಜ್ಯದ ಹಳ್ಳಿಹಳ್ಳಿಗಳಲ್ಲಿ ಬೆಣ್ಣೆ ತಯಾರಿಸುವ ಸಹಕಾರ ಸಂಘಗಳನ್ನು ಕಟ್ಟಿದ್ದರು. ಅಲ್ಲಿ ಹೈನುಗಾರಿಕೆಯ ಪ್ರಾಧ್ಯಾಪಕರಾಗಿದ್ದವರು ವಿಲಿಯಂ ಪೀಟರ್ಸನ್. ಅವರ ಜೊತೆ ಕೆಲಸ ಮಾಡಿದವರು ಫೋರ್ಡೈಸ್ ಈಲಿ. ಇವರಿಬ್ಬರ ಪ್ರಬಂಧ 1941ರಲ್ಲಿ ಅಮೆರಿಕದ ಹೈನು ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು.

ಅವರು ಶೂನ್ಯದಿಂದ ಹೊರಟವರಲ್ಲ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಹಿಂಭಾಗದ ಸಾರವನ್ನು ಚುಚ್ಚಿದರೆ ಆಡಿನ ಮೊಲೆಯಿಂದ ಹಾಲು ಹರಿಯುತ್ತದೆ ಎಂದು 1910ರಲ್ಲೇ ಆಟ್ ಮತ್ತು ಸ್ಕಾಟ್ ತೋರಿಸಿದ್ದರು. 1915ರಲ್ಲಿ ಗೇನ್ಸ್ ಎಂಬ ಸಂಶೋಧಕ ಇನ್ನೂ ಮುಂದೆ ಹೋದರು. ಅರಿವಳಿಕೆ ಕೊಟ್ಟ ತಾಯಿನಾಯಿಯ ಮೊಲೆಯನ್ನು ಮರಿಗಳು ಎಷ್ಟು ಚೀಪಿದರೂ ಹಾಲು ಸಿಗುವುದಿಲ್ಲ, ಆದರೆ ಪಿಟ್ಯುಟರಿ ಸಾರ ಕೊಟ್ಟರೆ ಸಿಗುತ್ತದೆ ಎಂದು ಕಂಡು, ಹಾಲು ತಯಾರಾಗುವುದು ಬೇರೆ, ಹೊರಗೆ ಬರುವುದು ಬೇರೆ ಎಂದು ಸ್ಪಷ್ಟವಾಗಿ ಬರೆದರು. ಆ ಮಾತನ್ನು ಇಪ್ಪತ್ತು ವರ್ಷ ಯಾರೂ ಗಟ್ಟಿಯಾಗಿ ಹಿಡಿಯಲಿಲ್ಲ ಎಂಬುದು ನನಗೆ ಇವತ್ತಿಗೂ ನೋವಿನ ವಿಷಯ. 1928ರಲ್ಲಿ ಅಮೆರಿಕದ ಔಷಧ ತಯಾರಕರು ಆ ಸಾರದಲ್ಲಿದ್ದ ಎರಡು ಹಾರ್ಮೋನ್‌ಗಳನ್ನು ಬೇರ್ಪಡಿಸಿ ಮಾರತೊಡಗಿದರು. ಅವುಗಳಲ್ಲಿ ಒಂದು, ಹಾಲಿಳಿಸುವಂಥದ್ದು, ಆಕ್ಸಿಟೋಸಿನ್. ಪೀಟರ್ಸನ್ ಕೈಗೆ ಬೇಕಾದ ಸಲಕರಣೆ ಸಿಕ್ಕಿತು.

ಈಗ ಪ್ರಯೋಗವನ್ನು ನಿಧಾನವಾಗಿ ನೋಡೋಣ, ಏಕೆಂದರೆ ಅದರ ಜಾಣತನ ವಿವರದಲ್ಲಿದೆ. ಹಸುವಿನ ಕೆಚ್ಚಲಿನ ಎಡ ಮತ್ತು ಬಲ ಭಾಗಗಳಿಗೆ ನರಗಳು ಬೇರೆಬೇರೆಯಾಗಿ ಬರುತ್ತವೆ. ಈಲಿ ಮತ್ತು ಪೀಟರ್ಸನ್ ಶಸ್ತ್ರಕ್ರಿಯೆ ಮಾಡಿ ಒಂದು ಅರ್ಧದ ನರಗಳನ್ನು ಕತ್ತರಿಸಿದರು, ಇನ್ನೊಂದು ಅರ್ಧವನ್ನು ಹಾಗೆಯೇ ಬಿಟ್ಟರು. ಹಾಲಿಳಿಸು ಎಂಬ ಆಜ್ಞೆ ನರದ ದಾರಿಯಲ್ಲಿ ಬರುವುದಾದರೆ ನರ ಕಡಿದ ಅರ್ಧ ಸುಮ್ಮನಿರಬೇಕು. ಆದರೆ ಹಸುವನ್ನು ಎಂದಿನಂತೆ ಸವರಿ, ಕೆಚ್ಚಲು ತೊಳೆದು, ಕರೆದಾಗ ಎರಡು ಅರ್ಧಗಳೂ ಒಂದೇ ರೀತಿ ಹಾಲಿಳಿಸಿದವು. ಅಂದರೆ ಆಜ್ಞೆ ಬರುತ್ತಿರುವುದು ರಕ್ತದ ಮೂಲಕ. ಆಕ್ಸಿಟೋಸಿನ್ ಚುಚ್ಚಿದಾಗಲೂ ಎರಡು ಅರ್ಧಗಳು ಒಟ್ಟಿಗೇ ಹಾಲಿಳಿಸಿದವು.

ಮುಂದಿನ ಹೆಜ್ಜೆ ಹಸುವನ್ನು ಹೆದರಿಸುವುದು. ಹಸುವಿನ ಬೆನ್ನ ಮೇಲೆ ಒಂದು ಬೆಕ್ಕನ್ನು ಇಟ್ಟರು. ಗಾಳಿ ತುಂಬಿದ ಕಾಗದದ ಚೀಲಗಳನ್ನು ಹತ್ತು ಸೆಕೆಂಡಿಗೊಂದರಂತೆ ಎರಡು ನಿಮಿಷ ಒಡೆದರು. ಮುಂದೆ ಬೆಕ್ಕು ಅನಗತ್ಯವೆಂದು ಅದನ್ನು ಬಿಟ್ಟು, ಚೀಲ ಒಡೆಯುವುದನ್ನು ಮಾತ್ರ ಮುಂದುವರಿಸಿದರು. ಹೆದರಿದ ಹಸು ಹಾಲಿಳಿಸಲಿಲ್ಲ, ನರ ಇರುವ ಅರ್ಧದಲ್ಲೂ ಇಲ್ಲ, ನರ ಕಡಿದ ಅರ್ಧದಲ್ಲೂ ಇಲ್ಲ. ಹೆದರಿಸುವ ಬದಲು ಅಡ್ರಿನಲಿನ್ ಚುಚ್ಚಿದರೂ ಅದೇ ಫಲಿತಾಂಶ. ಭಯಗೊಂಡಾಗ ನಮ್ಮೆಲ್ಲರ ದೇಹದಲ್ಲಿ ಉಕ್ಕುವ ಹಾರ್ಮೋನ್ ಅದು, ನಿಮಗೆ ಗೊತ್ತು.

ಹಸುವಿನ ಮನಸ್ಸಿನ ಸ್ಥಿತಿಯನ್ನು ಹಾಲಿನ ತೂಕದಲ್ಲಿ ಅಳೆದ ಪ್ರಯೋಗ ಇದು. ಹಸುವಿಗೆ ಭಯ, ನೆಮ್ಮದಿ ಎಂಬುದಿಲ್ಲ, ಮೇವು ಹಾಕಿದರೆ ಹಾಲು ಎನ್ನುವವರ ಬಾಯಿ ಮುಚ್ಚಿಸಲು ತಕ್ಕಡಿಯೇ ಸಾಕಾಯಿತು. ಪ್ರಯೋಗಕ್ಕಾಗಿ ಹಸುಗಳಿಗೆ ನೋವು ಕೊಟ್ಟರು ಎಂಬುದನ್ನು ನಾನು ಮರೆಮಾಚುವುದಿಲ್ಲ. ಇವತ್ತಿನ ನೈತಿಕ ಸಮಿತಿಗಳು ಅದಕ್ಕೆ ಸುಲಭವಾಗಿ ಒಪ್ಪಿಗೆ ಕೊಡಲಾರವು. ಆದರೆ ಕೋಟ್ಯಂತರ ಹಸುಗಳನ್ನು ಮೃದುವಾಗಿ ನಡೆಸಿಕೊಳ್ಳಲು ಒಂದು ಗಟ್ಟಿ ಕಾರಣ ಸಿಕ್ಕಿದ್ದು ಆ ಕೆಲವು ಹಸುಗಳಿಂದ. ಆ ಋಣ ನನ್ನ ಮನಸ್ಸಿನಲ್ಲಿದೆ.

ಪೀಟರ್ಸನ್ ಅಲ್ಲಿಗೇ ನಿಲ್ಲಲಿಲ್ಲ. ರಕ್ತದಲ್ಲಿ ಬರುತ್ತದೆ ಎಂಬುದು ಇನ್ನೂ ಊಹೆಯೇ, ಅದನ್ನು ಕಣ್ಣಿಗೆ ಕಾಣಿಸಬೇಕು. 1942ರಲ್ಲಿ ಲುಡ್ವಿಕ್ ಎಂಬವರ ಜೊತೆ ಸೇರಿ, ದೇಹದಿಂದ ಬೇರ್ಪಡಿಸಿದ ಕೆಚ್ಚಲಿಗೆ ರಕ್ತ ಹರಿಸುವ ವ್ಯವಸ್ಥೆ ಮಾಡಿದರು. ಸುಮ್ಮನೆ ನಿಂತ ಹಸುವಿನ ರಕ್ತ ಹರಿಸಿದಾಗ ಏನೂ ಆಗಲಿಲ್ಲ. ಹಾಲು ಕರೆಯಲು ಸಿದ್ಧಗೊಳಿಸಿದ, ಕೆಚ್ಚಲು ನೀವಿಸಿಕೊಂಡ ಹಸುವಿನ ರಕ್ತ ಹರಿಸಿದಾಗ ಆ ಬೇರ್ಪಟ್ಟ ಕೆಚ್ಚಲು ಹಾಲಿಳಿಸಿತು. ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟು: ಶರೀರಶಾಸ್ತ್ರದಲ್ಲಿ ಇದಕ್ಕಿಂತ ಅಚ್ಚುಕಟ್ಟಾದ ಸಾಕ್ಷ್ಯ ನಿಮಗೆ ಹೆಚ್ಚು ಸಿಗುವುದಿಲ್ಲ.

ಉಳಿದ ಕೊಂಡಿಗಳು ಮುಂದಿನ ಹತ್ತು ವರ್ಷಗಳಲ್ಲಿ ಕೂಡಿಕೊಂಡವು. ಹಾಲಿನ ಚೀಲಗಳನ್ನು ಬುಟ್ಟಿ ಹೆಣೆದ ಹಾಗೆ ಸುತ್ತುವರಿದಿರುವ, ಸಂಕುಚಿಸಬಲ್ಲ ಜೀವಕೋಶಗಳನ್ನು ರಿಚರ್ಡ್‌ಸನ್ 1949ರಲ್ಲಿ ಆಡಿನ ಕೆಚ್ಚಲಿನಲ್ಲಿ ಸ್ಪಷ್ಟವಾಗಿ ತೋರಿಸಿದರು. ಆಕ್ಸಿಟೋಸಿನ್ ತಲುಪಿದೊಡನೆ ಇವು ಚೀಲಗಳನ್ನು ಹಿಂಡುತ್ತವೆ. 1953ರಲ್ಲಿ ವಿನ್ಸೆಂಟ್ ಡು ವಿನ್ಯೋ ಕಾರ್ನೆಲ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಆಕ್ಸಿಟೋಸಿನ್ನಿನ ರಚನೆಯನ್ನು ಬಿಡಿಸಿ, ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಿದರು. ಒಂಬತ್ತು ಅಮೈನೊ ಆಮ್ಲಗಳ ಪುಟ್ಟ ಸರಪಣಿ ಅದು. 1955ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಅವರಿಗೆ ಬಂತು. ಡು ವಿನ್ಯೋ ಹೆಸರು ಪಠ್ಯಪುಸ್ತಕದಲ್ಲಿದೆ, ಪೀಟರ್ಸನ್ ಹೆಸರು ಹೈನುಗಾರಿಕೆ ಓದಿದವರ ಆಚೆಗೆ ಹೋಗಿಲ್ಲ. ಇದು ನನಗೆ ಸರಿ ಕಾಣುವುದಿಲ್ಲ.

ಇಲ್ಲಿ ಕುಳಿತಿರುವ ತಾಯಂದಿರಿಗಾಗಿ ಇನ್ನೊಂದು ಪ್ರಯೋಗದ ಮಾತು. ಕೊಟ್ಟಿಗೆಯಲ್ಲಿ ಕಂಡದ್ದು ಮನುಷ್ಯರಿಗೂ ಹೊಂದುತ್ತದೆಯೇ ಎಂದು ಮೈಕಲ್ ನ್ಯೂಟನ್ ಮತ್ತು ಅವರ ಪತ್ನಿ ನೈಲ್ಸ್ ನ್ಯೂಟನ್ 1948ರಲ್ಲಿ ಪರೀಕ್ಷಿಸಿದರು. ಎದೆಹಾಲು ಕುಡಿಸುತ್ತಿದ್ದ ನೈಲ್ಸ್ ಅವರೇ ಪರೀಕ್ಷೆಗೆ ಒಳಗಾದರು. ಮಗು ಕುಡಿಯುವಾಗ ಅವರ ಪಾದಗಳನ್ನು ಮಂಜಿನ ನೀರಿನಲ್ಲಿ ಅದ್ದುವುದು, ಕಾಲ್ಬೆರಳು ಎಳೆಯುವುದು, ಲೆಕ್ಕ ಕೇಳಿ ತಪ್ಪಿದರೆ ಸಣ್ಣ ವಿದ್ಯುತ್ ಆಘಾತ ಕೊಡುವುದು ಹೀಗೆಲ್ಲ ಕಾಟ ಕೊಟ್ಟರು. ನೆಮ್ಮದಿಯಿಂದ ಕುಡಿಸಿದಾಗ ಮಗುವಿಗೆ ಸಿಕ್ಕ ಹಾಲು ಸರಾಸರಿ 168 ಗ್ರಾಂ. ಕಾಟದ ನಡುವೆ 99 ಗ್ರಾಂ. ಕಾಟದ ಜೊತೆಗೆ ಆಕ್ಸಿಟೋಸಿನ್ ಚುಚ್ಚಿದಾಗ 153 ಗ್ರಾಂ. ಹಾಲು ಒಳಗೆ ಇದ್ದೇ ಇತ್ತು, ಇಳಿಯಲಿಲ್ಲ ಅಷ್ಟೇ. ಬಾಣಂತಿಯ ಮುಂದೆ ಜಗಳವಾಡಬೇಡಿ, ಅವಳಿಗೆ ಹಾಲೇ ಇಲ್ಲ ಎಂದು ಹಂಗಿಸಬೇಡಿ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರಲ್ಲ, ಅದಕ್ಕೆ ಇಷ್ಟು ಗಟ್ಟಿಯಾದ ಆಧಾರವಿದೆ. ಹಾಲು ಸಾಲದು ಎಂಬ ಚಿಂತೆಯೇ ಹಾಲನ್ನು ತಡೆಯಬಲ್ಲದು.

ಮತ್ತೆ ಕೊಟ್ಟಿಗೆಗೆ ಬರೋಣ. ಈ ತಿಳಿವಳಿಕೆಯಿಂದ ಮಿನ್ನೆಸೋಟದವರು ರೈತರಿಗೆ ಏನು ಹೇಳಿದರು? ಎರಡನೆಯ ಮಹಾಯುದ್ಧದ ಕಾಲ ಅದು. ಆಳುಗಳು ಸೇನೆಗೆ ಹೋಗಿದ್ದರು, ಹಾಲಿಗೆ ಬೇಡಿಕೆ ಏರಿತ್ತು. ಪೀಟರ್ಸನ್ ಊರೂರಿಗೆ ಹೋಗಿ ಹೇಳಿದ್ದು ಬಹಳ ಸರಳ. ಹಸುವನ್ನು ಅಟ್ಟಿಕೊಂಡು ಬರಬೇಡಿ, ನಡೆಸಿಕೊಂಡು ಬನ್ನಿ. ಕರೆಯುವ ಮೊದಲು ಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಕೆಚ್ಚಲನ್ನು ಒರೆಸಿ, ಮೊದಲ ಕೆಲವು ಧಾರೆಗಳನ್ನು ಬೇರೆ ಪಾತ್ರೆಗೆ ಹಿಂಡಿ ನೋಡಿ. ಒಂದು ನಿಮಿಷದೊಳಗೆ ಹಾಲಿಳಿಯುತ್ತದೆ, ಆಗ ಯಂತ್ರ ಹಾಕಿ. ಹಾಲಿಳಿದ ಮೇಲೆ ಬೇರೆ ಕೆಲಸಕ್ಕೆ ಹೋಗಬೇಡಿ, ಏಕೆಂದರೆ ಆಕ್ಸಿಟೋಸಿನ್ ರಕ್ತದಲ್ಲಿ ನಿಲ್ಲುವುದು ಕೆಲವೇ ನಿಮಿಷ. ಕರೆದು ಮುಗಿದ ತಕ್ಷಣ ಯಂತ್ರ ತೆಗೆಯಿರಿ. ಮುಂಚೆ ಹಸುವೊಂದಕ್ಕೆ ಹತ್ತು ಹದಿನೈದು ನಿಮಿಷ ಯಂತ್ರ ಸಿಕ್ಕಿಸಿ ಬಿಡುತ್ತಿದ್ದವರು ಐದು ನಿಮಿಷದೊಳಗೆ ಮುಗಿಸುವುದನ್ನು ಕಲಿತರು.

ಇದನ್ನು ನಮ್ಮ ಕೈಗೆಲಸಕ್ಕೆ ಹೀಗೆ ಹೊಂದಿಸಿಕೊಳ್ಳಿ. ಕರೆಯುವ ಹೊತ್ತು, ಜಾಗ, ಜನ ದಿನವೂ ಒಂದೇ ಆಗಿರಲಿ. ಪಾತ್ರೆಯ ಸದ್ದು, ಬೂಸಾ ನೆನೆಸುವ ಸದ್ದು, ನಿಮ್ಮ ದನಿ, ಇವಿಷ್ಟೇ ಸಾಕು, ಮುಟ್ಟುವ ಮೊದಲೇ ಕೆಲವು ಹಸುಗಳ ಮೊಲೆಯಿಂದ ಹಾಲು ತೊಟ್ಟಿಕ್ಕುವುದನ್ನು ನೀವು ನೋಡಿದ್ದೀರಿ. ಹೆಬ್ಬೆರಳು ಮಡಚಿ ಮೊಲೆ ಎಳೆಯಬೇಡಿ, ನೋವಾಗುತ್ತದೆ. ಇಡೀ ಮುಷ್ಟಿಯಲ್ಲಿ ಹಿಂಡಿ. ಹಸು ಬೆದರಿದ್ದರೆ, ನಾಯಿ ನುಗ್ಗಿದ್ದರೆ, ಯಾರೋ ಹೊಡೆದಿದ್ದರೆ, ಆಗಲೇ ಕರೆಯಲು ಹಟ ಹಿಡಿಯಬೇಡಿ. ಇಪ್ಪತ್ತು ಮೂವತ್ತು ನಿಮಿಷ ಬಿಟ್ಟು ಮತ್ತೆ ಕೆಚ್ಚಲು ಒರೆಸಿ ಶುರುಮಾಡಿ. ಕೊಟ್ಟಿಗೆಯಲ್ಲಿ ಹಸುವಿಗೆ ಹೊಡೆದವನು ಕರೆಯುವ ಹೊತ್ತಿಗೆ ಹತ್ತಿರ ನಿಲ್ಲಲೂಬಾರದು. ಕೆನಡಾದ ಸಂಶೋಧಕರು 1999ರಲ್ಲಿ ತೋರಿಸಿದಂತೆ ಹಸುಗಳು ತಮ್ಮನ್ನು ಕೆಟ್ಟದಾಗಿ ನಡೆಸಿಕೊಂಡ ವ್ಯಕ್ತಿಯನ್ನು ಗುರುತಿಟ್ಟುಕೊಳ್ಳುತ್ತವೆ. ಆತ ಸುಮ್ಮನೆ ನಿಂತಿದ್ದರೂ ಕೆಚ್ಚಲಿನಲ್ಲಿ ಉಳಿದುಹೋಗುವ ಹಾಲು ಹೆಚ್ಚುತ್ತದೆ. ಉಳಿದ ಹಾಲಿನ ನಷ್ಟ ಅಂದಿಗೆ ಮುಗಿಯುವುದಿಲ್ಲ. ಖಾಲಿಯಾಗದ ಕೆಚ್ಚಲು ನಾಳೆಯ ಹಾಲನ್ನು ಕಡಿಮೆ ತಯಾರಿಸುತ್ತದೆ, ಹಾಗೆಯೇ ಬಿಟ್ಟರೆ ಹಸು ಬೇಗ ಬತ್ತುತ್ತದೆ.

ಅಮೆರಿಕದ ಪ್ರಯೋಗಗಳನ್ನು ಕಣ್ಣುಮುಚ್ಚಿ ಇಲ್ಲಿಗೆ ಅನ್ವಯಿಸಬಾರದು ಎಂಬುದನ್ನೂ ಹೇಳುತ್ತೇನೆ. ಅಲ್ಲಿಯ ಹೋಲ್‌ಸ್ಟೀನ್, ಜರ್ಸಿ ಹಸುಗಳು ಕರುವಿಲ್ಲದೆಯೇ ಹಾಲಿಳಿಸುತ್ತವೆ, ಹಾಗೆ ಇಳಿಸದವನ್ನು ತಲೆತಲೆಮಾರಿನಿಂದ ಮಂದೆಯಿಂದ ತೆಗೆದುಹಾಕಿದ್ದಾರೆ. ನಮ್ಮ ಹಳ್ಳಿಕಾರ್, ಅಮೃತಮಹಲ್, ಮಲೆನಾಡ ಗಿಡ್ಡ ಹಸುಗಳನ್ನು ಯಾರೂ ಹಾಲಿಗಾಗಿ ಹಾಗೆ ಆಯ್ದಿಲ್ಲ. ಅವಕ್ಕೆ ಕರು ಬೇಕು. ಎಮ್ಮೆಯ ತೊಟ್ಟಿಯಲ್ಲಿ ತಾನಾಗಿ ಇಳಿದ ಹಾಲು ಇರುವುದೇ ಅತಿ ಕಡಿಮೆ ಎಂದೆನಲ್ಲ, ಅದು ಹಾಲಿಳಿಸಲು ತೆಗೆದುಕೊಳ್ಳುವ ಹೊತ್ತೂ ಹೆಚ್ಚು, ಎರಡು ನಿಮಿಷವೋ ಇನ್ನೂ ಹೆಚ್ಚೋ. ಎಮ್ಮೆ ಮೊಂಡು ಎನ್ನುವವರು ಆ ಎರಡು ನಿಮಿಷ ಕಾಯದವರು. ಮಿಶ್ರತಳಿಯ ಹಸುಗಳಲ್ಲಿ ಎರಡೂ ಬಗೆಯ ಸ್ವಭಾವ ಕಾಣುತ್ತದೆ, ಒಂದೊಂದು ಹಸುವಿನ ರೀತಿಯನ್ನು ನೀವೇ ನೋಡಿ ತಿಳಿಯಬೇಕು.

ಈಗ ಹೇಳಲು ಕಷ್ಟವಾಗುವ ಭಾಗ. ಅದೇ ಪ್ರಯೋಗದಿಂದ ಇನ್ನೊಂದು ದಾರಿಯೂ ತೆರೆದುಕೊಂಡಿತು. ಹಸುವನ್ನು ಒಲಿಸುವ ಗೋಜೇ ಬೇಡ, ಆಕ್ಸಿಟೋಸಿನ್ ಚುಚ್ಚಿದರಾಯಿತು. ಪೀಟರ್ಸನ್‌ಗೆ ಅದು ಪರೀಕ್ಷೆಯ ಸಲಕರಣೆ. ನಮ್ಮ ದೇಶದ ಎಷ್ಟೋ ಕೊಟ್ಟಿಗೆಗಳಲ್ಲಿ ಅದು ದಿನಕ್ಕೆರಡು ಹೊತ್ತಿನ ರೂಢಿಯಾಯಿತು. ಗಂಡುಕರುವನ್ನು ಸಾಕುವವರಿಲ್ಲ, ಕರು ಹೋದ ಎಮ್ಮೆ ಹಾಲಿಳಿಸುವುದಿಲ್ಲ, ಹಾಲಿನ ವಾಹನ ಬರುವ ಹೊತ್ತು ಕಾಯುವುದಿಲ್ಲ. ಹೆಸರು, ವಿಳಾಸ ಏನೂ ಇಲ್ಲದ ಸಣ್ಣ ಬಾಟಲಿ, ಒಂದೇ ಸೂಜಿ, ಹತ್ತು ದನಗಳು. ಸೂಜಿಯ ನೋವಿನ ಜೊತೆಗೆ ಒಂದರ ಸೋಂಕು ಇನ್ನೊಂದಕ್ಕೆ ಹರಡುತ್ತದೆ. ಗರ್ಭಕೋಶವನ್ನೂ ಸಂಕುಚಿಸುವ ವಸ್ತು ಇದು, ಗಬ್ಬದ ದನಕ್ಕೂ ಲೆಕ್ಕವಿಲ್ಲದೆ ಚುಚ್ಚುತ್ತಾರೆ. ದಿನವೂ ಹೊರಗಿನಿಂದ ಸಿಕ್ಕರೆ ಕೆಚ್ಚಲು ದೇಹದ್ದೇ ಆದ ಆಕ್ಸಿಟೋಸಿನ್ನಿಗೆ ಮೊದಲಿನಂತೆ ಸ್ಪಂದಿಸುವುದಿಲ್ಲ. ಆಮೇಲೆ ಸೂಜಿ ಇಲ್ಲದೆ ಹಾಲೇ ಇಲ್ಲ.

ಫೂಕಾಕ್ಕೂ ಈ ಸೂಜಿಗೂ ಶರೀರದೊಳಗಿನ ದಾರಿ ಒಂದೇ. ಯೋನಿ ಹಿಗ್ಗಿದಾಗ ಮಿದುಳಿನಿಂದ ಆಕ್ಸಿಟೋಸಿನ್ ಬಿಡುಗಡೆಯಾಗುತ್ತದೆ, ಹೆರಿಗೆಯಲ್ಲೂ ನಡೆಯುವುದು ಅದೇ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 12ನೇ ಕಲಂ ಫೂಕಾವನ್ನು ಅಪರಾಧ ಎನ್ನುತ್ತದೆ. 1982ರ ತಿದ್ದುಪಡಿ ಅದಕ್ಕೆ, ಹಾಲು ಹೆಚ್ಚಿಸಲು ಪ್ರಾಣಿಯ ಆರೋಗ್ಯಕ್ಕೆ ಹಾನಿಯಾಗುವಂತೆ ಯಾವುದೇ ವಸ್ತುವನ್ನು ಚುಚ್ಚುವುದನ್ನೂ ಸೇರಿಸಿತು. ಶಿಕ್ಷೆ ಎರಡು ವರ್ಷದವರೆಗೆ ಸೆರೆ, ಒಂದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ದನವನ್ನೂ ಸರ್ಕಾರ ವಶಪಡಿಸಿಕೊಳ್ಳುತ್ತದೆ. ಕಾಯ್ದೆಯನ್ನು ಬರೆದವರು ಎರಡು ಕೆಲಸಗಳನ್ನೂ ಒಂದೇ ಸಾಲಿನಲ್ಲಿ ಇಟ್ಟದ್ದು ಸರಿಯಾಗಿಯೇ ಇದೆ.

2018ರಲ್ಲಿ ಕೇಂದ್ರ ಸರ್ಕಾರ ಇನ್ನೂ ಬಿಗಿಯಾದ ಹೆಜ್ಜೆ ಇಟ್ಟಿತು. ದೇಶದ ಬಳಕೆಗೆ ಆಕ್ಸಿಟೋಸಿನ್ ತಯಾರಿಸುವುದನ್ನು ಖಾಸಗಿಯವರಿಗೆ ನಿಷೇಧಿಸಿ, ಸಾರ್ವಜನಿಕ ವಲಯಕ್ಕೆ ಮಾತ್ರ ಬಿಟ್ಟಿತು. ಆ ಹೊಣೆ ಬಂದದ್ದು ನಮ್ಮ ಬೆಂಗಳೂರಿನ ಕರ್ನಾಟಕ ಆಂಟಿಬಯಾಟಿಕ್ಸ್ ಅಂಡ್ ಫಾರ್ಮಾಸ್ಯೂಟಿಕಲ್ಸ್ ಸಂಸ್ಥೆಗೆ. ಆದರೆ ಹೆರಿಗೆಯ ನಂತರದ ರಕ್ತಸ್ರಾವ ನಿಲ್ಲಿಸಲು ಮೊದಲು ಬಳಸುವ ಔಷಧವೇ ಆಕ್ಸಿಟೋಸಿನ್. ಇಡೀ ದೇಶದ ಹೆರಿಗೆ ಕೋಣೆಗಳು ಒಂದೇ ಕಾರ್ಖಾನೆಯನ್ನು ನೆಚ್ಚಿ ಕೂರುವುದು ಹೇಗೆ ಎಂದು ವೈದ್ಯರು ಆತಂಕಪಟ್ಟರು. ಅದೇ ವರ್ಷ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ನನ್ನ ಅಭಿಪ್ರಾಯದಲ್ಲಿ ಕೋರ್ಟು ಸರಿ. ಕಳ್ಳ ಬಾಟಲಿಗಳನ್ನು ಹಿಡಿಯಬೇಕಾದದ್ದು ಅವು ತಯಾರಾಗುವ ಮತ್ತು ಮಾರಾಟವಾಗುವ ಜಾಗಗಳಲ್ಲಿ, ಬಾಣಂತಿಯ ಮಂಚದ ಪಕ್ಕದಲ್ಲಲ್ಲ.

ಇನ್ನು ಪೇಟೆಯ ಜನರ ಭಯದ ಬಗ್ಗೆ. ಸೂಜಿ ಚುಚ್ಚಿದ ಹಸುವಿನ ಹಾಲು ಕುಡಿದರೆ ಹೆಣ್ಣುಮಕ್ಕಳು ಬೇಗ ಮೈನೆರೆಯುತ್ತಾರೆ ಎಂಬ ಮಾತು ಮೊಬೈಲುಗಳಲ್ಲಿ ಹರಿದಾಡುತ್ತಲೇ ಇರುತ್ತದೆ. ಆಕ್ಸಿಟೋಸಿನ್ ಒಂದು ಪುಟ್ಟ ಪ್ರೋಟೀನ್ ತುಂಡು, ಜೀರ್ಣಾಂಗದಲ್ಲಿ ಬೇರೆ ಪ್ರೋಟೀನ್‌ಗಳಂತೆ ಒಡೆದುಹೋಗುತ್ತದೆ. ಹೆರಿಗೆಯಲ್ಲಿ ಅದನ್ನು ನುಂಗಿಸದೆ ಚುಚ್ಚುವುದೂ ಇದಕ್ಕಾಗಿಯೇ. ಹಾಲು ಕುಡಿಯುವವರಿಗೆ ಅದರಿಂದ ಕೇಡಾಗುತ್ತದೆ ಎಂದು ಹೆದರಿಸಿ ಸೂಜಿಯನ್ನು ನಿಲ್ಲಿಸುವ ಪ್ರಯತ್ನ ನನಗೆ ಒಪ್ಪಿಗೆಯಿಲ್ಲ. ಕೇಡಾಗುವುದು ಹಸುವಿಗೆ. ನಿಲ್ಲಿಸಲು ಆ ಕಾರಣ ಸಾಲದೇ?

ಪೀಟರ್ಸನ್ ಪ್ರಯೋಗ ಬಂದು ಎಂಬತ್ತು ವರ್ಷ ದಾಟಿದೆ. ಅದರಲ್ಲಿ ಸೂಜಿಗಿಂತ ಅಗ್ಗವಾದ ದಾರಿ ಇತ್ತು: ಬೆಚ್ಚಗಿನ ನೀರು, ಒಂದು ಬಟ್ಟೆ, ಒಂದು ನಿಮಿಷ, ಗದ್ದಲವಿಲ್ಲದ ಕೊಟ್ಟಿಗೆ. ಸೂಜಿಯನ್ನು ಮಾರುವವರಿದ್ದರು, ಅದು ಹಳ್ಳಿಹಳ್ಳಿಗೆ ತಲುಪಿತು. ಬೆಚ್ಚಗಿನ ನೀರನ್ನು ಮಾರುವವರಿಲ್ಲ. ಆ ಕೆಲಸವನ್ನು ನಮ್ಮಂಥವರು, ಹೊಸ ತಿಳಿವಳಿಕೆಯನ್ನು ರೈತರಿಗೆ ತಲುಪಿಸುವ ಹೊಣೆ ಹೊತ್ತ ಪಶುವೈದ್ಯರು ಮತ್ತು ಕಾಲೇಜುಗಳು ಮಾಡಬೇಕಿತ್ತು. ನಾವು ತಳಿ, ಮೇವು, ಲಸಿಕೆಗಳ ಬಗ್ಗೆ ಬಹಳ ಮಾತನಾಡಿದ್ದೇವೆ, ಕರೆಯುವ ಆ ಐದು ನಿಮಿಷದ ಬಗ್ಗೆ ಕಡಿಮೆ ಮಾತನಾಡಿದ್ದೇವೆ.

ಪ್ರಶ್ನೋತ್ತರದಲ್ಲಿ ಒಬ್ಬ ಹೆಣ್ಣುಮಗಳು ಎದ್ದು ನಿಂತು ಕೇಳಿದರು: "ಸಂತೆಯಿಂದ ತಂದಾಗಲೇ ನಮ್ಮ ಹಸುವಿಗೆ ಸೂಜಿಯ ರೂಢಿಯಾಗಿತ್ತು, ಸಾರ್. ಸೂಜಿ ಕಂಡರೆ ಸುಮ್ಮನೆ ನಿಲ್ಲುತ್ತದೆ. ಇಲ್ಲದಿದ್ದರೆ ಹಾಲನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಹೇಗೆ ಬಿಡಿಸುವುದು?"

ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ತಾಯಿ, ಒಂದೇ ದಿನಕ್ಕೆ ಪೂರ್ತಿ ಬಿಟ್ಟುಬಿಡಬೇಡಿ. ಕೆಚ್ಚಲಿನಲ್ಲಿ ಹಾಲು ನಿಂತು ಬಾವು ಬರಬಹುದು. ನಿಮ್ಮ ಊರಿನ ಪಶುವೈದ್ಯರಿಗೆ ಮುಚ್ಚಿಡದೆ ವಿಷಯ ಹೇಳಿ, ಅವರ ಸಲಹೆಯಂತೆ ಪ್ರಮಾಣವನ್ನು ಸ್ವಲ್ಪಸ್ವಲ್ಪವೇ ಇಳಿಸುತ್ತ ಬನ್ನಿ. ಅದರ ಜೊತೆಗೇ ಹೊಸ ಗುರುತೊಂದನ್ನು ಹಸುವಿಗೆ ಕಲಿಸಿ. ಪ್ರತಿಹೊತ್ತು ಮೊದಲು ತಿನ್ನಲು ಹಿಂಡಿ ಹಾಕಿ, ಬೆಚ್ಚಗಿನ ಬಟ್ಟೆಯಿಂದ ಕೆಚ್ಚಲು ಒರೆಸಿ, ಮೊಲೆಗಳನ್ನು ಒಂದೆರಡು ನಿಮಿಷ ಮೃದುವಾಗಿ ನೀವಿ, ಆಮೇಲೆ ಕರೆಯಿರಿ. ಕರು ಇದ್ದರೆ ಅದನ್ನು ಮೊದಲು ಕುಡಿಯಲು ಬಿಡಿ. ಮೊದಲ ವಾರಗಳಲ್ಲಿ ಹಾಲು ಕಡಿಮೆಯಾಗುತ್ತದೆ, ಮನೆಯವರು ಗೊಣಗುತ್ತಾರೆ, ಅದಕ್ಕೆ ಮೊದಲೇ ಸಿದ್ಧರಾಗಿ. ಎಲ್ಲ ಹಸುಗಳೂ ಪೂರ್ತಿ ಹಿಂದಿನಂತಾಗುತ್ತವೆ ಎಂದು ನಾನು ಮಾತು ಕೊಡುವುದಿಲ್ಲ. ಈ ಸೂಲಿನಲ್ಲಿ ಆಗದಿದ್ದರೆ ಮುಂದಿನ ಸೂಲಿನಲ್ಲಿ, ಕರು ಹಾಕಿದ ಮೊದಲ ದಿನದಿಂದಲೇ ಸೂಜಿಯಿಲ್ಲದೆ ಶುರುಮಾಡಿ, ಆಗ ಸುಲಭ. ಇನ್ನು ಮುಂದೆ ಹಸು ಕೊಳ್ಳುವಾಗ ಮಾರುವವರ ಕೊಟ್ಟಿಗೆಯಲ್ಲೇ ಸಂಜೆ ಒಂದು ಹೊತ್ತು, ಮರುದಿನ ಬೆಳಗ್ಗೆ ಒಂದು ಹೊತ್ತು ನಿಂತು ಕರೆಯುವುದನ್ನು ನೋಡಿ. ಬೆಳಗಿನ ಹೊತ್ತು ನೀವೇ ಕುಳಿತು ಕರೆಯುತ್ತೇನೆಂದು ಕೇಳಿ. ಅದಕ್ಕೆ ಒಪ್ಪದವರಿಂದ ಹಸು ಕೊಳ್ಳಬೇಡಿ.